ಗೌಲಿ ಪಾಯಸ, ಡಬ್ಬಿಯ ಉಂಗುರ



ಊಟಕ್ಕೆ ಕರೆದರೆ ಓಡಿಹೋಗುವ ಮಗು, ತಟ್ಟೆಯಲ್ಲಿ ನಕ್ಷತ್ರವೋ ಉಂಗುರವೋ ಕಂಡರೆ ತಾನಾಗಿಯೇ ಬಂದು ಕೂಡುತ್ತದೆ. ಇದನ್ನು ಬಲ್ಲ ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿ 1965ರಲ್ಲಿ ಗೋಧಿಯ ಸಣ್ಣ ಉಂಗುರಗಳನ್ನು ಟೊಮೆಟೊ ಗೊಜ್ಜಿನೊಡನೆ ಡಬ್ಬಿಯಲ್ಲಿಟ್ಟು ಮಾರಿತು. ಹೆಸರು ಸ್ಪಗೆಟಿಓಸ್. ಉದ್ದನೆಯ ಎಳೆ ಚಮಚದಿಂದ ಜಾರಿ ಅಂಗಿಯ ಮೇಲೆ ಬೀಳುತ್ತದೆ, ಉಂಗುರ ಬೀಳುವುದಿಲ್ಲ. ತಾಯಂದಿರಿಗೆ ಅಷ್ಟೇ ಸಾಕಾಯಿತು.

ಮಾಡುವ ಬಗೆ ನಮಗೆ ತೀರ ಹೊಸದಲ್ಲ. ಚಕ್ಕುಲಿ ಒತ್ತಿನ ಬಿಲ್ಲೆ ಬದಲಿಸಿದರೆ ಎಳೆಯ ಆಕಾರ ಬದಲಾಗುತ್ತದೆಯಲ್ಲವೆ? ಅಲ್ಲಿಯೂ ಗಟ್ಟಿ ಹಿಟ್ಟನ್ನು ಅಚ್ಚಿನೊಳಗಿಂದ ನೂಕುತ್ತಾರೆ, ಹೊರಬಂದಂತೆ ಅಲಗು ಕತ್ತರಿಸುತ್ತದೆ. ಡಬ್ಬಿ ಮುಚ್ಚಿದ ಮೇಲೆ, ರೋಗಾಣು ಉಳಿಯದಿರಲೆಂದು ಸುಮಾರು 120 ಡಿಗ್ರಿ ಶಾಖ ಕೊಡುತ್ತಾರೆ. ಅದಕ್ಕೇ ಅದು ಅಷ್ಟು ಮೆತ್ತಗೆ. ನಾಜೂಕಿನ ಆಕಾರ ಅದರಲ್ಲಿ ಉಳಿಯುವುದು ಕಷ್ಟ.

ನಾಜೂಕು ನೋಡಬೇಕಾದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ನಮ್ಮ ಕನ್ನಡ ಮನೆಗಳ ಹಿರಿಯ ಹೆಣ್ಣುಮಕ್ಕಳ ಕೈ ನೋಡಬೇಕು. ಸಣ್ಣ ರವೆಯನ್ನು ಹಾಲಿನಲ್ಲಿ ಗಟ್ಟಿಯಾಗಿ ಕಲಸಿ, ನಾದಿ, ಎಳೆಯಿಂದ ಚೂರೇ ಚೂರು ಚಿವುಟಿ ಎರಡು ಬೆರಳ ನಡುವೆ ಹೊಸೆದರೆ ಅಕ್ಕಿಕಾಳಿನಂಥ ಗೌಲಿ. ಇನ್ನಷ್ಟು ಉದ್ದ, ತುದಿ ಚೂಪು ಮಾಡಿದರೆ ಸೌತೆಬೀಜ. ನೆರಳಲ್ಲಿ ಒಣಗಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ; ನೀರಿನ ಪಸೆ ಇಲ್ಲದಲ್ಲಿ ಬೂಸ್ಟು ಬೆಳೆಯದು. ಕಂಪನಿ ಶಾಖದಿಂದ ಮಾಡಿದ ಕೆಲಸವನ್ನು ಇಲ್ಲಿ ಗಾಳಿ ಮಾಡುತ್ತದೆ.

ಮದುವೆ ಗೊತ್ತಾದ ಮನೆಯಲ್ಲಿ ನಾಲ್ಕೈದು ಮಂದಿ ಮಧ್ಯಾಹ್ನವಿಡೀ ಕೂತರೂ ಒಂದು ಮೊರ ತುಂಬುವುದಿಲ್ಲ. ಈಗ ಅಷ್ಟು ಹೊತ್ತು ಯಾರಿಗಿದೆ ಎನ್ನುತ್ತಾರೆ, ಅದೂ ನಿಜವೆ. ಆದರೆ ಕಂಪನಿಯ ಅಚ್ಚು ಸವೆದರೆ ಇನ್ನೊಂದು ಬರುತ್ತದೆ. ಗೌಲಿಗೆ ಬೆರಳೇ ಅಚ್ಚು. ಅಜ್ಜಿ ಇರುವಾಗ ಪಕ್ಕದಲ್ಲಿ ಕೂತು ಕಲಿಯದಿದ್ದರೆ, ಬರೆದಿಟ್ಟ ಕಾಗದ ನೋಡಿ ಆ ಹೊಸೆತ ಬರುವುದಿಲ್ಲ.

ಪಾಯಸ ಮಾಡುವವರಿಗೆ ಒಂದು ಮಾತು. ಗೌಲಿಯನ್ನು ತುಪ್ಪದಲ್ಲಿ ಹುರಿದು, ನೀರಿನಲ್ಲಿ ಪೂರ್ತಿ ಬೇಯಿಸಿದ ಮೇಲೆಯೇ ಬೆಲ್ಲ ಹಾಕಿ. ಬೆಲ್ಲ ನೀರನ್ನು ತನ್ನಲ್ಲಿ ಹಿಡಿದುಕೊಳ್ಳುವುದರಿಂದ, ಮೊದಲೇ ಹಾಕಿದರೆ ಕಾಳಿನ ನಡುವೆ ಗಟ್ಟಿ ಉಳಿಯುತ್ತದೆ. ಹಾಲನ್ನು ಒಲೆಯಿಂದ ಇಳಿಸಿ, ಆರಿದ ಮೇಲೆ ಬೆರೆಸಿ; ಇಲ್ಲವಾದರೆ ಒಡೆದೀತು.

ಮಕ್ಕಳೂ ಹೊಸೆಯಲು ಕೂಡಲಿ. ಅವರ ಕೈಯ ಗೌಲಿ ಹುಣಸೆಬೀಜದಷ್ಟು ದಪ್ಪವಾಗುತ್ತದೆ, ಬೇಯಲು ತಡ. ಅದನ್ನು ಬೇರೆ ಡಬ್ಬಿಯಲ್ಲಿಟ್ಟು, ಬೇರೆಯಾಗಿಯೇ ಬೇಯಿಸಿ ಅವರಿಗೇ ಬಡಿಸಿ.