ಯಣ್ಣಿಮಜ್ಜನ, ಕಪ್ಪಡಕಳಿ, ಸೊನ್ನಲಗಿ: ಸೊಲ್ಲಾಪುರದ ನಗರಚರಿತ್ರೆಗೆ ಊರಮಾತಿನ ಆಧಾರಗಳು

ಸೊಲ್ಲಾಪುರದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಮೂರು ಆಕರಗಳನ್ನು ನೆಚ್ಚಿಕೊಂಡಿದ್ದಾರೆ: ಶಾಸನ, ಕಾವ್ಯ ಮತ್ತು ಸರಕಾರಿ ದಫ್ತರ. ಇವುಗಳ ಜೊತೆಗೆ ನಾಲ್ಕನೆಯದೊಂದು ಆಕರವಿದೆ. ಅದು ಊರ ಮಂದಿಯ ಬಾಯಲ್ಲಿ ದಿನಾ ಆಡುವ ಮಾತು. ಕೇರಿ, ಕೆರೆ, ಜಾತ್ರೆ, ಮನೆತನಗಳ ಹೆಸರು. ಈ ನಾಲ್ಕನೆಯದನ್ನು ಆಧಾರವೆಂದು ಹಿಡಿದು ನಗರದ ಚರಿತ್ರೆಯನ್ನು ನೋಡಿದರೆ ಏನು ಸಿಗುತ್ತದೆ, ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬೆರಡು ಪ್ರಶ್ನೆಗಳಿಗೆ ಪ್ರಸ್ತುತ ಪ್ರಬಂಧ ಸೀಮಿತವಾಗಿದೆ. ನಾನು ಭಾಷಾವಿಜ್ಞಾನಿಯಲ್ಲ. ಸೊಲ್ಲಾಪುರದಲ್ಲಿ ಹುಟ್ಟಿ, ಅಲ್ಲಿಯೇ ಮೂರು ದಶಕಕ್ಕೂ ಮಿಕ್ಕಿ ಮಕ್ಕಳಿಗೆ ಸಂಸ್ಕೃತ ಕಲಿಸಿದವನು. ಶಬ್ದದ ವಿಗ್ರಹ ಮಾಡಿ ನೋಡುವುದು ನನ್ನ ರೂಢಿ. ಅಷ್ಟೇ ಈ ಬರಹಕ್ಕಿರುವ ಅಧಿಕಾರ.

1. ಊರಿನ ಭಾಷಾಸ್ಥಿತಿ

ಸೊಲ್ಲಾಪುರ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಪೇಟೆಯಲ್ಲಿ ನಾಲ್ಕು ಭಾಷೆ ನಡೆಯುತ್ತವೆ: ಮರಾಠಿ, ಕನ್ನಡ, ನೇಕಾರ ಪದ್ಮಶಾಲಿಗಳ ತೆಲುಗು, ಮುಸಲ್ಮಾನರ ದಖನಿ ಉರ್ದು. ಸ್ವಾತಂತ್ರ್ಯ ಚಳವಳಿಯಲ್ಲಿ 1931ರ ಜನವರಿ 12ರಂದು ಯರವಡಾ ಜೇಲಿನಲ್ಲಿ ಗಲ್ಲಿಗೇರಿದ ಈ ಊರಿನ ನಾಲ್ವರ ಹೆಸರು ಓದಿದರೇ ಊರಿನ ಸ್ವರೂಪ ತಿಳಿಯುತ್ತದೆ: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ. ಆದ್ದರಿಂದ ಸೊಲ್ಲಾಪುರದ ಪರಂಪರೆಯನ್ನು ಒಂದೇ ಭಾಷೆಯ ಆಸ್ತಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಕೂಡಿ ಬಾಳಿದ ಮನೆಯಲ್ಲಿ ಯಾವ ಕೋಣೆಯನ್ನು ಯಾರು ಕಟ್ಟಿದರು ಎಂದು ತಿಳಿದುಕೊಳ್ಳುವುದರಲ್ಲಿ ಜಗಳ ಇರಬೇಕಾಗಿಲ್ಲ.

2. ಊರ ಹೆಸರು

ಸೊಲ್ಲಾಪುರ ಎಂಬ ಹೆಸರಿಗೆ ಬಹುಕಾಲ ಪ್ರಚಾರದಲ್ಲಿದ್ದ ವಿವರಣೆ ಇದು: ಹದಿನಾರು ಹಳ್ಳಿ ಕೂಡಿ ಆದ ಊರು, 'ಸೋಲಾ' ಅಂದರೆ ಹದಿನಾರು, ಅದಕ್ಕೇ ಸೋಲಾಪುರ. ಹಳ್ಳಿಗಳ ಪಟ್ಟಿಯನ್ನೂ ಕೊಡುತ್ತಾರೆ. ಈ ವಿವರಣೆಯಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದು: ಮರಾಠಿಯಲ್ಲಿ ಹದಿನಾರಕ್ಕೆ 'ಸೋಳಾ' ಎನ್ನುತ್ತಾರೆ, ಳಕಾರ. ಊರ ಹೆಸರನ್ನು ಮರಾಠಿಗರು ಲಕಾರದಿಂದಲೇ ಬರೆಯುತ್ತಾರೆ, ಲಕಾರದಿಂದಲೇ ಆಡುತ್ತಾರೆ. ಲ-ಳ ಭೇದವನ್ನು ಇಷ್ಟು ಚೊಕ್ಕಟವಾಗಿ ಕಾಯ್ದುಕೊಂಡ ಭಾಷೆ ಊರ ಹೆಸರಿನಲ್ಲಿ ಮಾತ್ರ ಮರೆಯಿತು ಎನ್ನುವುದು ಹೇಗೆ? 'ಸೋಲಾ' ಎಂಬುದು ದಖನಿಯ ರೂಪ ಎಂದರೂ ಎರಡನೆಯ ತೊಡಕು ಬಿಡಿಸುವುದಿಲ್ಲ. ಆ ಹದಿನಾರು ಹಳ್ಳಿಗಳ ಪಟ್ಟಿಯಲ್ಲಿ 'ಸೋಲಾಪುರ' ಎಂಬುದೂ ಒಂದು ಹಳ್ಳಿ! ಹದಿನಾರು ಕೂಡುವುದಕ್ಕಿಂತ ಮೊದಲೇ ಒಂದಕ್ಕೆ ಆ ಹೆಸರು ಇದ್ದ ಮೇಲೆ, ಕೂಡಿದ್ದರಿಂದ ಹೆಸರು ಬಂತು ಎನ್ನಲು ಬರುವುದಿಲ್ಲ. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಆತ್ಮಾಶ್ರಯ ದೋಷ ಎನ್ನುತ್ತಾರೆ. ಅದೇ ಪಟ್ಟಿಯಲ್ಲಿ 'ಸೊನಲಗಿ' ಎಂಬ ಇನ್ನೊಂದು ಹೆಸರಿದೆ. ಪಟ್ಟಿ ಮಾಡಿದವರು ಅದನ್ನು ಹದಿನಾರರಲ್ಲಿ ಒಂದೆಂದು ಎಣಿಸಿ ಮುಂದೆ ಹೋದರು. ನಮಗೆ ಬೇಕಾದ ಕೀಲಿ ಅಲ್ಲಿಯೇ ಇತ್ತು.

ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನ ಊರು ಸೊನ್ನಲಿಗೆ. ರಾಘವಾಂಕ ತನ್ನ ಸಿದ್ಧರಾಮ ಚಾರಿತ್ರದಲ್ಲಿ ಆ ಊರನ್ನು, ಅಲ್ಲಿ ಸಿದ್ಧರಾಮ ಕಟ್ಟಿಸಿದ ಕೆರೆಯನ್ನು ವಿಸ್ತಾರವಾಗಿ ಬಣ್ಣಿಸಿದ್ದಾನೆ. ಮೋಹೋಳ ತಾಲೂಕಿನ ಕಾಮತಿಯ ಸಂಸ್ಕೃತ ಶಾಸನದಲ್ಲಿ, ಶಕ 1238ರಲ್ಲಿ, ಅಂದರೆ ಯಾದವರ ಆಳಿಕೆ ಮುಗಿದ ಹೊಸತರಲ್ಲಿ, 'ಸೋನಲಿಪುರ' ಎಂಬ ರೂಪ ಸಿಗುತ್ತದೆ. ಸೊಲ್ಲಾಪುರ ಕೋಟೆಯ ಒಂದು ಶಾಸನದಲ್ಲಿ 'ಸೋನಲಪುರ', ಕೋಟೆಯ ಬಾವಿಯ ಶಾಸನದಲ್ಲಿ 'ಸಂದಲಪುರ'. ಸೋನಲಪುರದ ನಕಾರ ಬಿದ್ದು ಸೋಲಾಪುರವಾಯಿತೆಂದು ಜಿಲ್ಲಾ ಗ್ಯಾಝೆಟಿಯರ್ ಈಗ ಒಪ್ಪಿಕೊಂಡಿದೆ.

ನಕಾರ ಬಿದ್ದದ್ದಲ್ಲ, ಕೂಡಿಕೊಂಡದ್ದು ಎಂದು ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷಿ ನಮ್ಮ ಕನ್ನಡ ರೂಪವೇ. ಮರಾಠಿಗರು ಸೋಲಾಪುರ ಎಂದರೆ ಕನ್ನಡಿಗರು ಸೊಲ್ಲಾಪುರ ಎನ್ನುತ್ತೇವೆ: ಹ್ರಸ್ವ ಒಕಾರ, ಲಕಾರಕ್ಕೆ ದ್ವಿತ್ವ. ತವರ್ಗದ ಮುಂದೆ ಲಕಾರ ಬಂದರೆ ತವರ್ಗವೂ ಲಕಾರವೇ ಆಗುತ್ತದೆಂದು ಪಾಣಿನಿ ಹೇಳಿದ್ದಾನೆ. ಉತ್ ಮತ್ತು ಲೇಖ ಕೂಡಿ ಉಲ್ಲೇಖವಾದಂತೆ. ಇದು ಸಂಸ್ಕೃತದ ನಿಯಮವಾದರೂ ನಾಲಗೆಯ ಸ್ವಭಾವ ಎಲ್ಲ ಕಡೆಗೂ ಒಂದೇ. ಸೊನ್ನಲಾಪುರ, ಸೊನ್ಲಾಪುರ, ಸೊಲ್ಲಾಪುರ ಎಂಬ ಮೂರು ಮೆಟ್ಟಿಲುಗಳಲ್ಲಿ ಎಲ್ಲಿಯೂ ಜಿಗಿಯಬೇಕಾಗಿಲ್ಲ. ಹಳೆಯ ನಕಾರ ನಮ್ಮ ದ್ವಿತ್ವದೊಳಗೆ ಇನ್ನೂ ಕೂತಿದೆ.

3. ಜಾತ್ರೆಯ ಮಾತು

ಮಕರ ಸಂಕ್ರಮಣದ ಸುಮಾರಿಗೆ ನಡೆಯುವ ಸಿದ್ಧೇಶ್ವರ ಜಾತ್ರೆಯನ್ನು ಊರಲ್ಲಿ 'ಗಡ್ಡಾ' ಎನ್ನುತ್ತಾರೆ. ಸಿದ್ಧರಾಮನನ್ನು ಮದುವೆಯಾಗಬೇಕೆಂದು ಹಟ ಹಿಡಿದ ಕುಂಬಾರ ಕನ್ನೆಗೆ ಆತ ತನ್ನ ಯೋಗದಂಡವನ್ನು ವರಿಸಲು ಒಪ್ಪಿಗೆ ಕೊಟ್ಟನೆಂಬ ಐತಿಹ್ಯವನ್ನು ಆ ದಿನಗಳಲ್ಲಿ ಮತ್ತೆ ನಡೆಸಿ ತೋರಿಸುತ್ತಾರೆ. ಏಳು ನಂದಿಧ್ವಜಗಳು ಹೊರಡುತ್ತವೆ. ಮುಂದಾಳ್ತನದ ಮಾನ ಹಿರೇಹಬ್ಬು ಮನೆತನದ್ದು. ಧ್ವಜ ಹೊರುವವರಲ್ಲಿ ಮನೆಯಲ್ಲಿ ಮರಾಠಿ ಆಡುವವರೂ ಇದ್ದಾರೆ, ಕನ್ನಡ ಆಡುವವರೂ ಇದ್ದಾರೆ. ಮರಾಠಿ ಪತ್ರಿಕೆಗಳು ದಿನದಿನದ ಕಾರ್ಯಕ್ರಮ ಅಚ್ಚು ಹಾಕುತ್ತವೆ. ಅದರಲ್ಲಿ ಬರುವ ಮೂರು ಶಬ್ದಗಳನ್ನು ಇಲ್ಲಿ ಪರಿಶೀಲಿಸುತ್ತೇನೆ.

ಯಣ್ಣಿಮಜ್ಜನ. ಮೊದಲ ದಿನ ನಂದಿಧ್ವಜಗಳು ನಗರ ಪ್ರದಕ್ಷಿಣೆ ಮಾಡುತ್ತ ಸಿದ್ಧರಾಮ ಸ್ಥಾಪಿಸಿದ 68 ಲಿಂಗಗಳಿಗೆ ಹೋಗುತ್ತವೆ, ಲಿಂಗಗಳಿಗೆ ತೈಲಾಭಿಷೇಕವಾಗುತ್ತದೆ. ಪತ್ರಿಕೆಯಲ್ಲಿ ದೇವನಾಗರಿಯಲ್ಲಿ 'ಯಣ್ಣಿಮಜ್ಜನ' ಎಂದು ಬರೆದಿರುತ್ತದೆ. ಒಮ್ಮೆ ವರ್ಗದಲ್ಲಿ ಈ ಶಬ್ದದ ವಿಗ್ರಹ ಹೇಳಿರೆಂದು ಕೇಳಿದೆ. ಜಾಣ ಹುಡುಗನೊಬ್ಬ 'ಯಜ್ಞ' ಶಬ್ದದಿಂದ ಸಾಧಿಸಲು ಹೊರಟ. ಹಿಂದಿನ ಬಾಕಿನ ಮೇಲಿದ್ದ ಕನ್ನಡ ಮನೆಯ ಹುಡುಗ ತಡೆಯಲಾರದೆ ನಕ್ಕ: "ಯಜ್ಞ ಎಲ್ಲಿದರೀ ಸರ, ಎಣ್ಣಿ ಹಚ್ಚಿ ಎರಿಯೂದು!" ವ್ಯಾಕರಣದಲ್ಲಿ ಅವನಿಗೆ ಸದಾ ಕಡಿಮೆ ಗುಣ. ಅಂದು ಪೂರಾ ಗುಣ ಅವನದೇ ಆಯಿತು. ಎಣ್ಣೆ ಕನ್ನಡ, ಮಜ್ಜನ ಸಂಸ್ಕೃತ, ಮುಳುಗು ಎಂಬರ್ಥದ ಧಾತುವಿನಿಂದ ಬಂದು ಕನ್ನಡದಲ್ಲಿ ಸ್ನಾನವೆಂಬ ಅರ್ಥದಲ್ಲಿ ನಿಂತದ್ದು. ಮರಾಠಿಯಲ್ಲಿ ಎಣ್ಣೆಗೆ 'ತೇಲ'. ಆದರೂ ಈ ಒಂದು ದಿನ ಊರಿಗೆ ಊರೇ ಎಣ್ಣಿ ಎನ್ನುತ್ತದೆ.

ಸಮ್ಮತಿ ಕಟ್ಟೆ. ಎರಡನೆಯ ದಿನ ಅಕ್ಷತೆ ಬೀಳುವ ಸ್ಥಳ. ಮರಾಠಿಗರ ಬಾಯಲ್ಲಿ 'ಸಮ್ಮತಿ ಕಟ್ಟಾ'. ಸಮ್ಮತಿ ತತ್ಸಮ, ಕಟ್ಟೆ ದೇಶ್ಯ. ಒಪ್ಪಿಗೆ ಕೊಟ್ಟ ಕಥೆ ಆ ಹೆಸರಿನಲ್ಲಿಯೇ ಅಡಗಿದೆ.

ಕಪ್ಪಡಕಳಿ. ಜಾತ್ರೆಯ ಕೊನೆಗೆ ನಂದಿಧ್ವಜಗಳ ಉಡುಗೆ ತೆಗೆಯುವ ವಿಧಿ. ಮರಾಠಿಯಲ್ಲಿ ಇದನ್ನು 'ವಸ್ತ್ರವಿಸರ್ಜನ' ಎಂದು ವಿವರಿಸುತ್ತಾರೆ, ಅರ್ಥ ಸರಿಯಾಗಿಯೇ ಇದೆ. ಸಂಸ್ಕೃತದ 'ಕರ್ಪಟ' ಪ್ರಾಕೃತದಲ್ಲಿ 'ಕಪ್ಪಡ' ಆಯಿತು. ಮರಾಠಿ ಆ ದ್ವಿತ್ವವನ್ನು ಸಡಿಲಿಸಿ ಹಿಂದಿನ ಸ್ವರವನ್ನು ಎಳೆದು 'ಕಾಪಡ' ಮಾಡಿಕೊಂಡಿತು. ಕನ್ನಡ ಕಪ್ಪಡವನ್ನು ಇದ್ದ ಹಾಗೆ ಇಟ್ಟುಕೊಂಡಿತು. 'ಕಳೆ' ಎಂದರೆ ತೆಗೆ. ಹೀಗೆ ಎರಡು ಅವಯವಗಳೂ ಕನ್ನಡದ ರೂಪದಲ್ಲಿವೆ.

4. ಮೂರು ಶಬ್ದ, ಒಂದು ಸೂತ್ರ

ಉತ್ತರದ ಕನ್ನಡದಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ: ಮನೆ-ಮನಿ, ಕೆರೆ-ಕೆರಿ, ಬೆಲೆ-ಬೆಲಿ. ಇದು ಎಲ್ಲರಿಗೂ ತಿಳಿದ ವಿಷಯ. ಮೇಲಿನ ಶಬ್ದಗಳನ್ನು ಈ ಸೂತ್ರದ ಎದುರಿಗೆ ಇಟ್ಟು ನೋಡ್ರಿ:

ಎಣ್ಣೆ - ಎಣ್ಣಿ (ಯಣ್ಣಿಮಜ್ಜನ)
ಕಳೆ - ಕಳಿ (ಕಪ್ಪಡಕಳಿ)
ಸೊನ್ನಲಿಗೆ - ಸೊನ್ನಲಗಿ

ಕೊನೆಯದರಲ್ಲಿ ನಡುವಿನ ಇಕಾರ ಅಕಾರವಾದದ್ದೂ ನಮ್ಮ ನುಡಿಯ ರೂಢಿಯೇ. ಅಡಿಗೆಯನ್ನು ನಮ್ಮ ಮನೆಗಳಲ್ಲಿ 'ಅಡಗಿ' ಎನ್ನುತ್ತಾರೆ. ಅಡಿಗೆ-ಅಡಗಿ, ಸೊನ್ನಲಿಗೆ-ಸೊನ್ನಲಗಿ. ಪದಾದಿಯ ಎಕಾರಕ್ಕೆ ಯಕಾರ ಹತ್ತುವುದೂ ಕನ್ನಡದ ಉಚ್ಚಾರಣೆಯೇ. ಹ್ರಸ್ವ ಎಕಾರಕ್ಕೆ ಮರಾಠಿ ಬರವಣಿಗೆಯಲ್ಲಿ ಬೇರೆ ಅಕ್ಷರವಿಲ್ಲದ್ದರಿಂದ ಕಿವಿಗೆ ಬಿದ್ದದ್ದನ್ನು 'ಯ' ಎಂದು ಬರೆದರು.

ಇದರಿಂದ ಎರಡು ಸಂಗತಿ ಸಿದ್ಧವಾಗುತ್ತವೆ. ಒಂದು: ಈ ಶಬ್ದಗಳು ಗ್ರಂಥದಿಂದ ಬಂದವಲ್ಲ. ಗ್ರಂಥದಿಂದ ಬಂದಿದ್ದರೆ 'ಎಣ್ಣೆ', 'ಸೊನ್ನಲಿಗೆ' ಎಂದೇ ಇರುತ್ತಿದ್ದವು. ಊರಲ್ಲಿ ಕನ್ನಡ ಆಡುತ್ತಿದ್ದವರ ಬಾಯಿಂದ ನೇರವಾಗಿ ಮರಾಠಿಯ ಕಿವಿಗೆ ಬಿದ್ದವು. ಎರಡು: ಕನ್ನಡ ಗೊತ್ತಿಲ್ಲದವರು ಕಿವಿಯಿಂದ ಬರೆದುಕೊಂಡದ್ದರಿಂದಲೇ ಉಪಭಾಷೆಯ ರೂಪ ಕೆಡದೆ ಉಳಿಯಿತು. ಕನ್ನಡ ಬಲ್ಲವನೇ ಬರೆದಿದ್ದರೆ ತಿದ್ದಿ ಶಿಷ್ಟರೂಪ ಬರೆಯುತ್ತಿದ್ದ. ನಾನೇ ಆಗಿದ್ದರೂ ತಿದ್ದುತ್ತಿದ್ದೆ. ಮರಾಠಿಯಲ್ಲಿ ಅಚ್ಚಾದ ಜಾತ್ರೆಯ ಕರಪತ್ರ ಸೊಲ್ಲಾಪುರ ಕನ್ನಡದ ಉಪಭಾಷಾ ದಾಖಲೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

5. ಕಲ್ಲು ಮತ್ತು ಮಾತು

ನಗರದ ಪರಂಪರೆ ಉಳಿಸುವುದೆಂದರೆ ಸಾಮಾನ್ಯವಾಗಿ ಕಟ್ಟಡ ಉಳಿಸುವುದು ಎಂದು ತಿಳಿಯುತ್ತೇವೆ. ಅದು ಬೇಕಾದದ್ದೇ. ಭುಯಿಕೋಟ, ಕೆರೆಯ ನಡುವಿನ ಸಿದ್ಧೇಶ್ವರ ಗುಡಿ, ವಾರದ ಮನೆತನದವರು ಕಟ್ಟಿಸಿ ಮುಂದೆ ಮಹಾನಗರಪಾಲಿಕೆಗೆ ನೆಲೆಯಾದ ಇಂದ್ರಭುವನ, ಇವು ಕಣ್ಣಿಗೆ ಕಾಣುತ್ತವೆ. ಶಾಸನಗಳ ವಿಷಯದಲ್ಲಿಯೂ ಕೆಲಸವಾಗಿದೆ; ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಇವರು ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಸಂಪಾದಿಸಿ 1988ರಲ್ಲಿ ಪ್ರಕಟಿಸಿದರು. ಕಾವ್ಯದ ಪರಂಪರೆಯೂ ಮುಂದುವರಿದಿದೆ; ಇದೇ ಊರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು.

ಆದರೆ ಮಾತಿಗೆ ಕಾವಲು ಇಲ್ಲ. ಊರ ಕಂಬರ ತಲಾವದ ಹೆಸರು ಈಗ ಧರ್ಮವೀರ ಸಂಭಾಜಿ ತಲಾವ. ಹೆಸರು ಬದಲಿಸುವುದು ಊರವರ ಹಕ್ಕು, ನಾನು ಅದನ್ನು ಪ್ರಶ್ನಿಸುವುದಿಲ್ಲ. ಹಳೆಯ ಹೆಸರನ್ನು ಎಲ್ಲಿಯಾದರೂ ಬರೆದಿಡದೆ ಬದಲಿಸಿದರೆ ಮಾತ್ರ ಒಂದು ಶಾಸನ ಒಡೆದಷ್ಟೇ ನಷ್ಟ. ಒಡೆದ ಶಾಸನದ ತುಂಡಾದರೂ ಸಿಕ್ಕೀತು, ಮರೆತ ಹೆಸರಿಗೆ ತುಂಡೂ ಇಲ್ಲ.

ಕಲ್ಲು ಮತ್ತು ಮಾತು ಎರಡನ್ನೂ ಕೂಡಿಸಿ ಓದಬೇಕೆಂಬುದಕ್ಕೆ ದಕ್ಷಿಣ ಸೊಲ್ಲಾಪುರದ ಹತ್ತರಸಂಗ ಕೂಡಲ ಒಳ್ಳೆಯ ನಿದರ್ಶನ. ಭೀಮಾ ಮತ್ತು ಸೀನಾ ನದಿಗಳು ಅಲ್ಲಿ ಸೇರುತ್ತವೆ. ಅಲ್ಲಿಯ ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಅಂದರೆ 1018ರ, ಮರಾಠಿ ಬರಹವಿದೆ. ಕಾಲ ನಮೂದಾದ ಮರಾಠಿ ಶಾಸನಗಳಲ್ಲಿ ಅತಿ ಹಳೆಯವುಗಳಲ್ಲಿ ಒಂದೆಂದು ಮರಾಠಿ ವಿದ್ವಾಂಸರು ಅದನ್ನು ಗೌರವಿಸುತ್ತಾರೆ. ಊರ ಹೆಸರಿನ 'ಕೂಡಲ' ಎಂಬುದು ಹೊಳೆಗಳು ಕೂಡುವ ಸ್ಥಳಕ್ಕೆ ಕನ್ನಡದ ಶಬ್ದ. 'ಸಂಗಮ' ಸಂಸ್ಕೃತ. ಕಲ್ಲನ್ನಷ್ಟೇ ಓದಿದವನಿಗೆ ಮರಾಠಿ ಕಾಣುತ್ತದೆ, ಹೆಸರನ್ನಷ್ಟೇ ಕೇಳಿದವನಿಗೆ ಕನ್ನಡ ಕೇಳುತ್ತದೆ. ಎರಡೂ ನಿಜ.

6. ಮಾಡಬೇಕಾದ ಕೆಲಸ

ನಮ್ಮ ಮನೆಯದನ್ನೇ ಹೇಳುತ್ತೇನೆ. ನಾನು ಎಣ್ಣಿ ಎನ್ನುತ್ತೇನೆ, ಮಗ ಎಣ್ಣಿ ಎಂದರೂ ತೇಲ ಎಂದರೂ ನಡೆಯುತ್ತದೆ, ಮೊಮ್ಮಗನಿಗೆ ತೇಲ ಮಾತ್ರ ಗೊತ್ತು. ಆತ ಜಾತ್ರೆಗೆ ಹೋಗುತ್ತಾನೆ, ಯಣ್ಣಿಮಜ್ಜನ ಎಂದು ತಪ್ಪಿಲ್ಲದೆ ಓದುತ್ತಾನೆ. ಅದರಲ್ಲಿ ಎಣ್ಣೆ ಇದೆಯೆಂಬುದು ಅವನಿಗೆ ಕೇಳಿಸುವುದಿಲ್ಲ. ಶಬ್ದ ಉಳಿದು ಅರ್ಥ ಹೋದ ಜಾಗದಲ್ಲಿ 'ಯಜ್ಞ'ದಂಥ ಹೊಸ ಅರ್ಥಗಳು ಬಂದು ಕೂಡುತ್ತವೆ. 'ಹದಿನಾರು ಹಳ್ಳಿ'ಯ ಕಥೆ ಹುಟ್ಟಿದ್ದೂ ಹೀಗೆಯೇ ಇರಬೇಕು. ಇದನ್ನು ತಡೆಯಲು ದೊಡ್ಡ ಸಂಸ್ಥೆ ಬೇಕಾಗಿಲ್ಲ. ಈ ಕೆಳಗಿನಷ್ಟು ಮಾಡಿದರೆ ಸಾಕು.

(ಅ) 68 ಲಿಂಗಗಳ ಪಟ್ಟಿಯನ್ನು ಸುತ್ತಿ ಬಂದು ಮಾಡಬೇಕು. ಪ್ರತಿಯೊಂದಕ್ಕೂ ಗ್ರಾಂಥಿಕ ಹೆಸರಿನ ಕೂಡ ಆ ಓಣಿಯ ಹಿರಿಯರು ಕರೆಯುವ ಹೆಸರನ್ನು ಬರೆಯಬೇಕು.

(ಆ) ಶಬ್ದವನ್ನು ಕೇಳಿದ ಹಾಗೇ ಬರೆಯಬೇಕು, ಕನ್ನಡದಲ್ಲಿಯೂ ದೇವನಾಗರಿಯಲ್ಲಿಯೂ. ತಿದ್ದಬಾರದು. ಹೇಳಿದವರ ವಯಸ್ಸು, ಪೇಟೆ, ಮನೆಮಾತು ನಮೂದಿಸಬೇಕು. ಈಗ ಕೈಯಲ್ಲಿರುವ ಮೊಬೈಲಿನಲ್ಲಿಯೇ ದನಿ ಹಿಡಿದಿಡಲು ಬರುತ್ತದೆ. ಮೊಮ್ಮಕ್ಕಳು ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ, ಮಾಡುತ್ತ ಶಬ್ದವನ್ನೂ ಕಲಿಯುತ್ತಾರೆ.

(ಇ) ಜಾತ್ರೆಯ ಕರಪತ್ರ, ಮದುವೆ ಕರೆಯೋಲೆ, ಮೋಡಿ ಲಿಪಿಯ ಖಾತೆಕಿರ್ದಿ, ಮನೆಪತ್ರಗಳನ್ನು ರದ್ದಿಗೆ ಹಾಕುವ ಮೊದಲು ಛಾಯಾಪ್ರತಿ ತೆಗೆದಿಡಬೇಕು.

(ಈ) ಹೆಂಗಸರನ್ನು ಮೊದಲು ಕೇಳಬೇಕು. ಎರೆಯುವುದು, ಉಡಿಸುವುದು, ಬಾಸಿಂಗ ಕಟ್ಟುವುದು ಇವುಗಳ ಶಬ್ದಸಂಪತ್ತು ಅವರ ಹತ್ತಿರವಿದೆ. ಗಂಡಸರು ಹೆಸರು ಹೇಳಿದರೆ ಅವರು ಕ್ರಮ ಹೇಳುತ್ತಾರೆ.

(ಉ) ಹೊಸ ಫಲಕ ಹಾಕುವಾಗ ಹಳೆಯ ಹೆಸರನ್ನೂ ಕೆಳಗೆ ಬರೆಯಿರೆಂದು ನಗರಸಭೆಯನ್ನು ಎಲ್ಲ ಭಾಷೆಯವರೂ ಕೂಡಿ ಕೇಳಬೇಕು.

ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಮಾಡಿಸಿಕೊಳ್ಳುತ್ತಾನೆ, ಶಬ್ದ ಬೇಕಾದವನು ಹಾಗೆ ವೈಯಾಕರಣನ ಮನೆಗೆ ಹೋಗುವುದಿಲ್ಲ ಎಂಬ ಅಭಿಪ್ರಾಯವನ್ನು ಪತಂಜಲಿ ಮಹಾಭಾಷ್ಯದ ಆರಂಭದಲ್ಲಿಯೇ ಹೇಳಿದ್ದಾನೆ. ಶಬ್ದ ಲೋಕದಲ್ಲಿ ಸಿದ್ಧವಾಗಿಯೇ ಇರುತ್ತದೆ. ಪಂಡಿತನ ಕೆಲಸ ಅದನ್ನು ಗುರುತಿಸುವುದು ಮಾತ್ರ. ಒಡೆದ ಗಡಿಗೆಗೆ ಬದಲು ಇನ್ನೊಂದು ಸಿಗುತ್ತದೆ. ಲೋಕವೇ ಮರೆತ ಶಬ್ದವನ್ನು ಮಾಡಿಕೊಡುವ ಮನೆ ಯಾವುದೂ ಇಲ್ಲ. ಅಕ್ಕಲಕೋಟೆ, ಜತ್ತ, ಹೊಸೂರು, ತಾಳವಾಡಿ, ಆದವಾನಿಗಳಿಂದ ಬಂದ ವಿದ್ವಾಂಸರು ತಂತಮ್ಮ ಊರಿನ ಜಾತ್ರೆಯ ಕರಪತ್ರಗಳನ್ನು, ಅವು ಯಾವ ಲಿಪಿಯಲ್ಲಿಯೇ ಇರಲಿ, ಒಮ್ಮೆ ಕಿವಿಯಿಂದ ಓದಿ ನೋಡಬೇಕೆಂದು ವಿನಂತಿಸುತ್ತೇನೆ.