ಟ್ರಫಲ್ ಜಾತ್ರೆಗೆ ಮೊದಲಿನ ಲಾಂಗೆ

ಇಟಲಿಯ ವಾಯವ್ಯ ಮೂಲೆಯ ಪೀಡ್‌ಮಾಂಟ್ ಪ್ರಾಂತದಲ್ಲಿ, ಟ್ಯೂರಿನ್ ನಗರದಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ ಲಾಂಗೆ ಗುಡ್ಡಗಾಡು ಶುರುವಾಗುತ್ತದೆ. ತಾನಾರೊ ನದಿಯ ಬಲದಂಡೆಯ ಆಲ್ಬಾ ಇಲ್ಲಿನ ಮುಖ್ಯ ಪಟ್ಟಣ. ಗುಡ್ಡದ ನೆತ್ತಿಯಲ್ಲಿ ಊರು, ಊರ ನಡುವೆ ಕೋಟೆಯೋ ಗಂಟೆಗೋಪುರವೋ, ಕೆಳಗೆ ಇಳಿಜಾರಿನುದ್ದಕ್ಕೂ ದ್ರಾಕ್ಷಿ ಸಾಲು. ನೆರೆಯ ರೊಯೆರೊ ಮತ್ತು ಮೊನ್‌ಫೆರ್ರಾತೊ ಸೀಮೆಗಳೊಂದಿಗೆ ಈ ತೋಟಗಳ ಭೂದೃಶ್ಯ 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹೊರಗಿನವರಿಗೆ ಲಾಂಗೆ ಎಂದರೆ ಶರತ್ಕಾಲ. ಅಕ್ಟೋಬರ್ ಬಂತೆಂದರೆ ಆಲ್ಬಾದಲ್ಲಿ ಬಿಳಿ ಟ್ರಫಲ್ ಜಾತ್ರೆ. ಮರದ ಬೇರುಗಳ ಬಳಿ ನೆಲದೊಳಗೇ ಬೆಳೆಯುವ ಈ ಅಣಬೆಯನ್ನು ಪಳಗಿಸಿದ ನಾಯಿಗಳು ಮೂಸಿ ಹುಡುಕುತ್ತವೆ. ಮಾರಾಟ ಗ್ರಾಂ ಲೆಕ್ಕದಲ್ಲಿ. ಆ ದಿನಗಳಲ್ಲಿ ಹೋಟೆಲಿನ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಜೂನ್‌ನಿಂದ ಆಗಸ್ಟ್‌ವರೆಗಿನ ಬೇಸಿಗೆಯಲ್ಲಿ ಬಿಳಿ ಟ್ರಫಲ್ ಸಿಗುವುದಿಲ್ಲ. ಆಗ ಸಿಗುವುದು ಅದಕ್ಕಿಂತ ಬಹಳ ಅಗ್ಗವಾದ, ಪರಿಮಳವೂ ಕಡಿಮೆಯಿರುವ ಕಪ್ಪು ಜಾತಿ. ಜುಲೈಯಲ್ಲಿ ಯಾರಾದರೂ ತಾಜಾ ಬಿಳಿ ಟ್ರಫಲ್ ಬಡಿಸುತ್ತೇವೆಂದರೆ ನಂಬಬೇಕಾಗಿಲ್ಲ. ಈ ಒಂದು ಆಕರ್ಷಣೆ ಇಲ್ಲದಿರುವುದರಿಂದಲೇ ಊಟ ಮತ್ತು ವೈನನ್ನು ಬಲ್ಲವರಿಂದ ಕೇಳಿ ತಿಳಿಯಬೇಕೆನ್ನುವವರಿಗೆ ಬೇಸಿಗೆ ಅನುಕೂಲ. ಕೊಯ್ಲಿನ ಗಡಿಬಿಡಿ ಇನ್ನೂ ದೂರವಿರುತ್ತದೆ, ತೋಟದವರಿಗೆ ನಿಂತು ಮಾತನಾಡಲು ಪುರುಸೊತ್ತಿರುತ್ತದೆ.

ನಂದಿ ಬೆಟ್ಟದ ಸುತ್ತಲಿನ ವೈನ್ ತೋಟಗಳಲ್ಲಿ ಬೇಸಿಗೆ ಏರುವ ಹೊತ್ತಿಗೆ ಕೊಯ್ಲು ಮುಗಿಯುತ್ತ ಬಂದಿರುತ್ತದೆ. ಲಾಂಗೆಯ ಲೆಕ್ಕವೇ ಬೇರೆ. ಇಲ್ಲಿನ ಹೆಮ್ಮೆಯ ಕೆಂಪು ದ್ರಾಕ್ಷಿ ನೆಬ್ಬಿಯೋಲೊ ಬೇಗ ಚಿಗುರಿ ತಡವಾಗಿ ಮಾಗುವ ತಳಿ; ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೂ ಬಳ್ಳಿಯಲ್ಲೇ ಇರುತ್ತದೆ. ಬೇಸಿಗೆಯಲ್ಲಿ ನಡೆಯುವುದು ಎಲೆ ತೆಗೆದು ಗೊಂಚಲಿಗೆ ಗಾಳಿ ಆಡಿಸುವ, ಹೆಚ್ಚಾದ ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಬಿಡುವ ಕೆಲಸ. ಆಲಿಕಲ್ಲು ಮಳೆಯ ಭಯವೂ ಈಗಲೇ. ಹತ್ತು ನಿಮಿಷದ ಆಲಿಕಲ್ಲು ವರ್ಷದ ದುಡಿಮೆಯನ್ನು ಕೆಡವಬಲ್ಲದು. ಆಗಸ್ಟ್‌ನಲ್ಲಿ ಹಸಿರು ಕಾಯಿ ಬಣ್ಣ ತಿರುಗುವುದನ್ನು ಕಣ್ಣಾರೆ ನೋಡಬಹುದು.

ಈ ನೆಬ್ಬಿಯೋಲೊದಿಂದಲೇ ಬರೋಲೊ ಮತ್ತು ಬಾರ್ಬರೆಸ್ಕೊ ಎಂಬ ಎರಡು ವೈನ್‌ಗಳು ತಯಾರಾಗುತ್ತವೆ. ಬರೋಲೊ ಹೆಸರು ಹಚ್ಚಲು ಹಕ್ಕಿರುವುದು 11 ಊರುಗಳ ಗಡಿಯೊಳಗಿನ ದ್ರಾಕ್ಷಿಗೆ ಮಾತ್ರ. ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬಾರ್ಬರೆಸ್ಕೊಗೆ ಒಟ್ಟು 26 ತಿಂಗಳು ಸಾಕು. ಬರೋಲೊದೊಳಗೇ, ಒಂದೇ ತಳಿ, ಒಂದೇ ಕಾನೂನು ಇದ್ದರೂ ಊರಿಂದ ಊರಿಗೆ ರುಚಿ ಬದಲಾಗುವುದಕ್ಕೆ ಮಣ್ಣು ಒಂದು ಕಾರಣ. ಪಶ್ಚಿಮದ ಲಾ ಮೊರ್ರಾ ಕಡೆಯ ನೀಲಿಛಾಯೆಯ ಸುಣ್ಣಜೇಡಿಯಲ್ಲಿ ಬೆಳೆದದ್ದು ಮೃದು. ಪೂರ್ವದ ಸೆರ್ರಲುಂಗಾ ಕಡೆಯ ಹಳೆಯ, ಮರಳುಗಲ್ಲು ಬೆರೆತ ನೆಲದ್ದು ಒಗರು, ನಿಧಾನವಾಗಿ ಪಳಗುವಂಥದ್ದು. ಎರಡೂ ಊರುಗಳ ಬಾಟಲಿಗಳನ್ನು ಒಂದೇ ಮಧ್ಯಾಹ್ನ ಪಕ್ಕಪಕ್ಕದಲ್ಲಿಟ್ಟು ರುಚಿ ನೋಡಿದರೆ ಅರ್ಧ ಪಾಠ ಮುಗಿಯಿತು. ಅದಕ್ಕೆಂದೇ ಹಲವು ತಯಾರಕರ ವೈನ್‌ಗಳನ್ನು ಒಂದೆಡೆ ಇಡುವ ಸಾರ್ವಜನಿಕ ಮಳಿಗೆಗಳಿವೆ: ಬರೋಲೊದಲ್ಲಿ ಕೋಟೆಯೊಳಗೆ, ಬಾರ್ಬರೆಸ್ಕೊದಲ್ಲಿ ಪೂಜೆ ನಿಂತ ಒಂದು ಹಳೆಯ ಚರ್ಚಿನಲ್ಲಿ. ಬರೋಲೊ ಕೋಟೆಯಲ್ಲಿ ವೈನ್ ವಸ್ತುಸಂಗ್ರಹಾಲಯವೂ ಇದೆ.

ಬಾರ್ಬರೆಸ್ಕೊ ಊರಿನ ಸಹಕಾರಿ ಸಂಘದ ಕಥೆ ಕೇಳುವಂಥದ್ದು. ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥರಾಗಿದ್ದ ದೊಮಿತ್ಸಿಯೊ ಕವಾತ್ಸಾ 1894ರಲ್ಲಿ ಬೆಳೆಗಾರರನ್ನು ಒಗ್ಗೂಡಿಸಿ ಸಂಘ ಕಟ್ಟಿದರು. ಫ್ಯಾಸಿಸ್ಟರ ಕಾಲದಲ್ಲಿ ಅದು ಮುಚ್ಚಿತು. 1958ರಲ್ಲಿ ಊರಿನ ಪಾದ್ರಿ, ಜನ ಗುಳೆ ಹೋಗುವುದನ್ನು ತಡೆಯಲು 19 ಸಣ್ಣ ರೈತರನ್ನು ಸೇರಿಸಿ ಮತ್ತೆ ಆರಂಭಿಸಿದರು. ಮೊದಲ ವೈನ್ ತಯಾರಾದದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಇಂದಿನ ಸಿರಿವಂತ ಲಾಂಗೆ ಕಳೆದ ಶತಮಾನದ ನಡುವಿನವರೆಗೂ ಬಡ ನಾಡಾಗಿತ್ತೆಂಬುದು ನೆನಪಿನಲ್ಲಿದ್ದರೆ ಇಲ್ಲಿನ ಊಟವೂ ಅರ್ಥವಾಗುತ್ತದೆ.

ಹಬ್ಬದ ಊಟಕ್ಕೂ ದಿನದ ಊಟಕ್ಕೂ ಇದ್ದ ಅಂತರ ಇಲ್ಲಿನ ಎರಡು ಪಾಸ್ತಾಗಳಲ್ಲಿ ಕಾಣುತ್ತದೆ. ಎಳೆಎಳೆಯಾಗಿ ಕೊಯ್ಯುವ ತಾಯರಿನ್‌ಗೆ ಒಂದು ಕಿಲೊ ಹಿಟ್ಟಿಗೆ 30–40 ಮೊಟ್ಟೆಯ ಹಳದಿ ಹಾಕುವವರಿದ್ದಾರೆ. ಪ್ಲಿನ್ ಎಂಬುದು ಮಿಕ್ಕ ಮಾಂಸ, ಸೊಪ್ಪನ್ನು ತುಂಬಿ ಬೆರಳಲ್ಲಿ ಚಿವುಟಿ ಮುಚ್ಚುವ ಪುಟ್ಟ ಕಡುಬು. ಬೇಸಿಗೆಯ ಮೇಜಿಗೆ ತಣ್ಣನೆಯದು ಬರುತ್ತದೆ: ತೆಳ್ಳಗೆ ಕೊಯ್ದ ಕರುವಿನ ಮಾಂಸದ ಮೇಲೆ ಟ್ಯೂನಾ ಮೀನಿನ ಗೊಜ್ಜು ಸುರಿದ ವಿತೆಲ್ಲೊ ತೊನ್ನಾತೊ. ಕಡಲಿಲ್ಲದ ಸೀಮೆಯ ಅಡುಗೆಯಲ್ಲಿ ಮೀನು ಇಷ್ಟೊಂದು ಇರುವುದಕ್ಕೆ ಕಾರಣ ಲಿಗೂರಿಯಾ ಕರಾವಳಿಯಿಂದ ಉಪ್ಪು, ಉಪ್ಪುಮೀನು ಹೊತ್ತು ಗುಡ್ಡ ಏರುತ್ತಿದ್ದ ವ್ಯಾಪಾರಿಗಳು. ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ಕಾರ್ಮಾನ್ಯೋಲಾದ ದಪ್ಪಮೆಣಸಿನಕಾಯಿ, ಮುರಾತ್ಸಾನೊ ಊರಿನ ಕುರಿ ಹಾಲಿನ ಚೀಸ್, ಒಲೆಯಲ್ಲಿ ಬೇಯಿಸಿದ ಪೀಚ್ ಹಣ್ಣು ಎಲ್ಲವೂ ಈ ಕಾಲದವೇ. ಆದರೆ ಮೆಣಸಿನಕಾಯಿಯ ಮೇಲಿನ ಗೊಜ್ಜಿನಲ್ಲಿ ಆಂಚೊವಿ ಮೀನು ಅಡಗಿರಬಹುದು, ಕೇಳಿಯೇ ತಿನ್ನಬೇಕು. ಹಣ್ಣಿನ ಜೊತೆಗೆ ಮೊಸ್ಕಾತೊ ದ’ಆಸ್ತಿ: ಸಿಹಿ, ನಸುನೊರೆ, ಸುಮಾರು ಶೇ 5ರಷ್ಟೇ ಆಲ್ಕೊಹಾಲ್.

ದಕ್ಷಿಣಕ್ಕೆ ಏರಿದಂತೆ ದ್ರಾಕ್ಷಿ ತೆಳುವಾಗಿ ಹೇಜಲ್‌ನಟ್ ತೋಪುಗಳು ಕಾಣಿಸುತ್ತವೆ. ಆಗಸ್ಟ್ ಕೊನೆಗೆ ಕಾಯಿ ತಾನೇ ಉದುರುತ್ತದೆ; ಕೊರ್ತೆಮಿಲಿಯಾದ ಹೇಜಲ್‌ನಟ್ ಹಬ್ಬವೂ ಆಗಲೇ. ಯುದ್ಧಾನಂತರ ಕೊಕೊ ದುಬಾರಿಯಾದಾಗ ಆಲ್ಬಾದ ಮಿಠಾಯಿಗಾರ ಪಿಯೆತ್ರೊ ಫೆರೆರೊ ಈ ಕಾಯಿಯನ್ನೇ ಅರೆದು ಚಾಕೊಲೇಟಿಗೆ ಬೆರೆಸಿದರು. 1964ರಲ್ಲಿ ಬಂದ ನುಟೆಲ್ಲಾ ಅದರದೇ ಮುಂದುವರಿಕೆ.

ಆಲ್ಬಾದ ಪಶ್ಚಿಮಕ್ಕಿರುವ ಬ್ರಾ ಪಟ್ಟಣ ಸ್ಲೋ ಫುಡ್ ಚಳವಳಿ ಕಟ್ಟಿದ ಕಾರ್ಲೊ ಪೆತ್ರೀನಿಯ ಊರು. 1986ರಲ್ಲಿ ಮೆಥನಾಲ್ ಕಲಬೆರಕೆ ವೈನ್ ಕುಡಿದು ಇಟಲಿಯಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಪೆತ್ರೀನಿ ಮತ್ತು ಗೆಳೆಯರು ಒಳ್ಳೆಯ ಊಟ, ವೈನಿಗಾಗಿ ಕಟ್ಟಿದ ಬಳಗವೇ 1989ರಲ್ಲಿ ಸ್ಲೋ ಫುಡ್ ಎಂಬ ಅಂತರರಾಷ್ಟ್ರೀಯ ಚಳವಳಿಯಾಯಿತು. ಬೆಸ ಸಂಖ್ಯೆಯ ವರ್ಷಗಳ ಸೆಪ್ಟೆಂಬರ್‌ನಲ್ಲಿ ಬ್ರಾದ ಬೀದಿಗಳಲ್ಲಿ ಚೀಸ್ ಮೇಳ ನಡೆಯುತ್ತದೆ. ಪಕ್ಕದ ಪೊಲ್ಲೆಂತ್ಸೊದಲ್ಲಿ, ಸವಾಯ್ ರಾಜಮನೆತನದ ಹಳೆಯ ಕೃಷಿ ಎಸ್ಟೇಟಿನಲ್ಲಿ, 2004ರಿಂದ ಆಹಾರ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ರೈತರ, ಮೀನುಗಾರರ, ಚೀಸ್ ಮಾಡುವವರ ಊರುಗಳಿಗೆ ಪ್ರವಾಸ ಹೋಗುವುದು ಅಲ್ಲಿ ಪಠ್ಯದ ಭಾಗವೇ. ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಇಟಲಿಯ ಎಲ್ಲ ಭಾಗಗಳ ವೈನ್ ಕೂಡಿಟ್ಟ ವೈನ್ ಬ್ಯಾಂಕ್ ಇದೆ.

ಟ್ಯೂರಿನ್‌ನಿಂದ ಬ್ರಾ ಮೂಲಕ ಆಲ್ಬಾಕ್ಕೆ ರೈಲಿದೆ. ಗುಡ್ಡದ ಊರುಗಳಿಗೆ ಬಸ್ಸು ವಿರಳ. ಕಾರು ಓಡಿಸುವವರ ರಕ್ತದಲ್ಲಿ ಲೀಟರಿಗೆ 0.5 ಗ್ರಾಂಗಿಂತ ಹೆಚ್ಚು ಆಲ್ಕೊಹಾಲ್ ಇರಬಾರದು, ಹಾಗಾಗಿ ರುಚಿ ನೋಡಿ ಉಗುಳುವುದು ಇಲ್ಲಿ ಅಸಭ್ಯವಲ್ಲ. ಲಾ ಮೊರ್ರಾದಿಂದ ಬರೋಲೊಗೆ ತೋಟಗಳ ನಡುವೆ ಕಾಲುದಾರಿಯೂ ಇದೆ. ನಡು ಹಗಲಿನ ಬಿಸಿಲು ತಪ್ಪಿಸಿ ಬೆಳಿಗ್ಗೆಯೇ ಹೊರಡುವುದು ಒಳ್ಳೆಯದು. ತೋಟಗಳ ಭೇಟಿಗೆ ಮೊದಲೇ ತಿಳಿಸಿರಬೇಕು. ಆಗಸ್ಟ್ 15ರ ಫೆರ್ರಾಗೊಸ್ಟೊ ರಜೆಯ ಆಸುಪಾಸಿನಲ್ಲಿ ಇಟಲಿಯವರು ಕಡಲತೀರಕ್ಕೆ ಹೊರಡುವುದರಿಂದ ಹಲವು ಊಟದಮನೆ, ವೈನ್ ನೆಲಮಾಳಿಗೆಗಳ ಬಾಗಿಲು ಮುಚ್ಚಿರುತ್ತದೆ. ಜೂನ್ ಕೊನೆ ಅಥವಾ ಜುಲೈ ಆದರೆ ಆ ತೊಡಕಿಲ್ಲ.