ಹಗಲೊಂದು, ತಾಲ್ಲೂಕು ಐದು

ಅಥಣಿಯ ಬಸ್ ನಿಲ್ದಾಣದ ಹತ್ತಿರ ನಸುಕಿನಲ್ಲಿ ಚಹಾ ಕುಡಿಯುತ್ತ, ಸೈಕಲ್ ಮೇಲೆ ನಿಪ್ಪಾಣಿಗೆ ಹೊರಟಿದ್ದೇನೆ ಎಂದು ಹೇಳಿ ನೋಡಿ. ಮೊದಲ ಪ್ರಶ್ನೆ: "ಯಾಕ್ರೀ, ಗಾಡಿ ಕೆಟ್ಟೈತೇನು?" ಎರಡನೆಯದು: "ತೊಡಿ ಹಿಡಕೊಳ್ಳಂಗಿಲ್ಲೇನ್ರಿ?" ಮೊದಲನೆಯದಕ್ಕೆ ನಕ್ಕರೆ ಸಾಕು. ಎರಡನೆಯದಕ್ಕೆ ಈ ಅಧ್ಯಾಯವೇ ಉತ್ತರ. ದೂರದ ಸವಾರಿಯಲ್ಲಿ ತೊಡೆ ಸೋಲುವುದು ಅಪರೂಪ. ಮೊದಲು ಸೋಲುವುದು ಲೆಕ್ಕ. ಹಗಲಿನ ಲೆಕ್ಕ, ಗಾಳಿಯ ಲೆಕ್ಕ, ಹೊಟ್ಟೆಯ ಲೆಕ್ಕ ಈ ಮೂರೂ ಕೂಡಿಬಂದರೆ ಸಾಧಾರಣ ಮೈಕಟ್ಟಿನವರೂ ಕೆಲವು ವಾರಗಳ ರೂಢಿಯ ಮೇಲೆ ನೂರು ಕಿಲೋಮೀಟರ್ ದಾಟುತ್ತಾರೆ.

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳನ್ನು ಒಂದೇ ದಾರದಲ್ಲಿ ಪೋಣಿಸಿದರೆ ಸುಮಾರು 135 ಕಿಲೋಮೀಟರ್ ಆಗುತ್ತದೆ. ದಿನಕ್ಕೆ 25 ಕಿಲೋಮೀಟರ್ ನಡೆಯುವವರಿಗೆ ಇದು ಐದಾರು ದಿನದ ದಾರಿ. ದೂರ ನಡೆಯುವುದು ಈ ಸೀಮೆಗೆ ಹೊಸದಲ್ಲ. ಪಂಢರಪುರಕ್ಕೆ ಹೋಗುವ ದಿಂಡಿಗಳನ್ನು ಇಲ್ಲಿಯ ರಸ್ತೆಗಳು ಇಂದಿಗೂ ಕಾಣುತ್ತವೆ. ನಿಪ್ಪಾಣಿ ಭಾಗದ ಭೋಜ ಗ್ರಾಮದ ಜೈನ ಆಚಾರ್ಯ ಶಾಂತಿಸಾಗರರು (1872–1955) ವಾಹನ ಹತ್ತದೆ ಬರಿಗಾಲಲ್ಲಿ ಉತ್ತರ ಭಾರತದವರೆಗೂ ವಿಹಾರ ಮಾಡಿದವರು. ಸೈಕಲ್ ಮಾಡುವುದಿಷ್ಟೇ: ನಡಿಗೆಯ ಐದು ದಿನವನ್ನು ಒಂದು ಹಗಲಿಗೆ ಮಡಚುತ್ತದೆ, ಆದರೆ ದಾರಿಬದಿಯ ಹೊಲ ಕಣ್ಣು ತಪ್ಪಿಸಿಕೊಳ್ಳುವಷ್ಟು ಬೇಗ ಓಡಿಸುವುದಿಲ್ಲ.

ಹಗಲಿನ ಲೆಕ್ಕ

ಡಿಸೆಂಬರ್ ನಡುವೆ ಇಲ್ಲಿ ಹಗಲು ಸುಮಾರು 11 ಗಂಟೆ. ಏಳಕ್ಕೆ ಸ್ವಲ್ಪ ಮೊದಲು ಸೂರ್ಯ ಮೂಡುತ್ತಾನೆ, ಆರರ ಹೊತ್ತಿಗೆ ಮುಳುಗುತ್ತಾನೆ. ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಸೈಕಲ್ ತುಳಿಯಬಾರದು. ಕಾರಣ ಮುಂದೆ ಬರುತ್ತದೆ. ಹಾಗಾಗಿ ಕೈಯಲ್ಲಿರುವ ಬಂಡವಾಳ ಈ 11 ಗಂಟೆ ಮಾತ್ರ. ಅದನ್ನು ಹೀಗೆ ಹಂಚಬಹುದು:

ಬೆಳಿಗ್ಗೆ 6.45 – ಅಥಣಿ ಬಿಡುವುದು.
9.15 – ಕಾಗವಾಡ (ಸುಮಾರು 40 ಕಿ.ಮೀ). ನಾಷ್ಟಾ, 25 ನಿಮಿಷ.
11.20 – ಉಗಾರ ದಾಟಿ ಕುಡಚಿ (20 ಕಿ.ಮೀ). 15 ನಿಮಿಷ.
12.50 – ರಾಯಬಾಗ (20 ಕಿ.ಮೀ). ಊಟ, 45 ನಿಮಿಷ.
3.35 – ಚಿಕ್ಕೋಡಿ (30 ಕಿ.ಮೀ). ಚಹಾ, 15 ನಿಮಿಷ.
5.20 – ನಿಪ್ಪಾಣಿ (25 ಕಿ.ಮೀ).

ತುಳಿತ ಒಂಬತ್ತು ಗಂಟೆಗೆ ಐದು ನಿಮಿಷ ಕಡಿಮೆ. ನಿಲುಗಡೆ ಒಂದು ಗಂಟೆ ನಲವತ್ತು ನಿಮಿಷ. ಸೂರ್ಯ ಮುಳುಗಲು ಉಳಿಯುವುದು ನಲವತ್ತು ನಿಮಿಷ. ಒಂದು ಪಂಕ್ಚರ್ ಆದರೆ ಅದರಲ್ಲಿ ಅರ್ಧ ಹೋಗುತ್ತದೆ. ಚಹಾದಂಗಡಿಯ ಹರಟೆ ಎರಡು ಕಡೆ ಉದ್ದವಾದರೆ ಉಳಿದರ್ಧವೂ ಹೋಯಿತು. ಹೊಸಬರು ಕಳೆದ ಹೊತ್ತನ್ನು ವೇಗ ಹೆಚ್ಚಿಸಿ ಗಳಿಸಲು ನೋಡುತ್ತಾರೆ. ಪಳಗಿದವರು ನಿಲುಗಡೆಯಲ್ಲಿ ಉಳಿಸುತ್ತಾರೆ. ಫ್ರಾನ್ಸಿನಲ್ಲಿ ಹುಟ್ಟಿ ಈಗ ಭಾರತದಲ್ಲೂ ನಡೆಯುವ 'ಬ್ರೆವೆ' ಸವಾರಿಗಳ ನಿಯಮವೂ ಇದೇ ಪಾಠ ಕಲಿಸುತ್ತದೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ, ಊಟಕ್ಕೆ ಕೂತರೂ ಗಡಿಯಾರ ನಿಲ್ಲುವುದಿಲ್ಲ. ಒಟ್ಟು ಲೆಕ್ಕದಲ್ಲಿ ತಾಸಿಗೆ 15 ಕಿಲೋಮೀಟರಿಗೂ ಕಡಿಮೆ. ಅಲ್ಲಿ ನಿಧಾನ ತುಳಿದವರಷ್ಟೇ ಅಲ್ಲ, ಬಹಳ ಹೊತ್ತು ಕೂತವರೂ ಬಿದ್ದುಹೋಗುತ್ತಾರೆ.

ಸೂಲಂಗಿ ಯಾವ ಕಡೆ ಬಾಗಿದೆ?

ನಿಪ್ಪಾಣಿಯಿಂದ ಅಥಣಿಗೂ ಹೋಗಬಹುದಿತ್ತಲ್ಲ, ಅಥಣಿಯಿಂದಲೇ ಯಾಕೆ ಹೊರಡಬೇಕು? ಚಳಿಗಾಲದಲ್ಲಿ ಈ ಬಯಲಿನ ಮೇಲೆ ಗಾಳಿ ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಮಳೆಗಾಲದಲ್ಲಿ ಪಡುವಣದಿಂದ. ಡಿಸೆಂಬರಿನಲ್ಲಿ ಅಥಣಿಯಿಂದ ಹೊರಟರೆ ಗಾಳಿ ಬೆನ್ನಿಗೆ, ನಿಪ್ಪಾಣಿಯಿಂದ ಹೊರಟರೆ ಎದೆಗೆ. ಇದನ್ನು ತಿಳಿಯಲು ಯಂತ್ರ ಬೇಕಿಲ್ಲ. ಹೂಬಿಟ್ಟ ಕಬ್ಬಿನ ಸೂಲಂಗಿ ಯಾವ ಕಡೆ ತಲೆ ಬಾಗಿಸಿದೆ ನೋಡಿದರೆ ಸಾಕು.

ಗಾಳಿಗೆ ಯಾಕೆ ಇಷ್ಟು ಮಹತ್ವ? ಗಾಳಿಯ ತಡೆ ವೇಗದ ವರ್ಗದಷ್ಟು ಹೆಚ್ಚುತ್ತದೆ. ನೀವು ತಾಸಿಗೆ 15 ಕಿಲೋಮೀಟರ್ ಹೋಗುತ್ತಿರುವಾಗ ಎದುರಿಂದ 10 ಕಿಲೋಮೀಟರ್ ವೇಗದ ಗಾಳಿ ಬಂದರೆ ಮೈಗೆ ಬಡಿಯುವುದು 25ರ ಗಾಳಿ. ತಡೆ ಒಂದೂ ಮುಕ್ಕಾಲು ಪಟ್ಟಲ್ಲ, ಸುಮಾರು ಎರಡೂ ಮುಕ್ಕಾಲು ಪಟ್ಟಾಗುತ್ತದೆ. ಗುಂಪಿನಲ್ಲಿ ಹೋಗುವವರು ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿ ಈ ಭಾರವನ್ನು ಹಂಚಿಕೊಳ್ಳುತ್ತಾರೆ. ಒಂಟಿ ಸವಾರರಿಗೆ ಆ ಸೌಲಭ್ಯವಿಲ್ಲ. ಬಗ್ಗಿ ಕೂತು, ವೇಗ ಇಳಿಸಿ ತಾಳಿಕೊಳ್ಳಬೇಕು.

ನಮ್ಮ ದಾರಿಯಲ್ಲೂ ಒಂದು ತಿರುವು ಕೈಕೊಡುತ್ತದೆ. ಕಾಗವಾಡದಿಂದ ಶೇಡಬಾಳ, ಉಗಾರ ಹಿಡಿದು ಕುಡಚಿಗೆ ಹೋಗುವಾಗ ರಸ್ತೆ ಮತ್ತೆ ಮೂಡಣಕ್ಕೆ ಹೊರಳುತ್ತದೆ. ಬೆಳಗಿನಿಂದ ಬೆನ್ನು ತಟ್ಟಿದ ಗಾಳಿಯೇ ಈಗ ಎದುರಾಳಿ. ಮೇಲಿನ ಪಟ್ಟಿಯಲ್ಲಿ ಈ 20 ಕಿಲೋಮೀಟರಿಗೆ ಒಂದು ಗಂಟೆ ನಲವತ್ತು ನಿಮಿಷ ಇಟ್ಟದ್ದು ಅದಕ್ಕೇ. ಇಲ್ಲಿ ಹಟ ಹಿಡಿದು ತುಳಿದವರು ಮಧ್ಯಾಹ್ನ ಚಿಕ್ಕೋಡಿಯ ಏರಿನಲ್ಲಿ ಅದರ ಸಾಲ ತೀರಿಸುತ್ತಾರೆ.

ಕಬ್ಬಿನ ಹಾಲಿನ ಗಣಿತ

ಉಗಾರ ಹತ್ತಿರವಾಯಿತೆಂದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಕಾಕಂಬಿಯ ಹುಳಿಸಿಹಿ ವಾಸನೆ. 1939ರಲ್ಲಿ ಸ್ಥಾಪನೆಯಾದ ಇಲ್ಲಿಯ ಸಕ್ಕರೆ ಕಾರ್ಖಾನೆ ಈ ಭಾಗದ ಹಳೆಯ ಕಾರ್ಖಾನೆಗಳಲ್ಲೊಂದು. ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ತೂಗಾಡುತ್ತ ಬರುತ್ತವೆ. ಹಿಂದಿನ ಟ್ರೇಲರಿನ ಬಾಲ ಮುಂದಿನದಕ್ಕಿಂತ ಹೆಚ್ಚು ಹೊಯ್ದಾಡುತ್ತದೆ. ಗಾಳಿ ತಪ್ಪಿಸಿಕೊಳ್ಳಲು ಅದರ ಬೆನ್ನಿಗೆ ಅಂಟಿಕೊಂಡು ಹೋಗುವ ಆಸೆ ಬೇಡ. ಕಬ್ಬಿನ ಒಂದು ಗಳ ಜಾರಿದರೆ ಸೈಕಲ್ಲಿನ ಮುಂಚಕ್ರಕ್ಕೆ ಅಷ್ಟೇ ಸಾಕು. ರಸ್ತೆಗೆ ಉದುರಿದ ರವದಿ (ಕಬ್ಬಿನ ಒಣಸೋಗೆ) ಬೆಳಗಿನ ಇಬ್ಬನಿಗೆ ನೆನೆದರೆ ಡಾಂಬರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಜಾರುತ್ತದೆ. ರಾತ್ರಿಯಲ್ಲಿ ಹಿಂದೀಪವಿಲ್ಲದ ಟ್ರೇಲರ್ ಕಣ್ಣಿಗೆ ಬೀಳುವುದು ಹತ್ತು ಮಾರು ಹತ್ತಿರ ಬಂದ ಮೇಲೆಯೇ. ಕತ್ತಲಲ್ಲಿ ಬೇಡ ಎಂದದ್ದು ಇದಕ್ಕಾಗಿ.

ಆದರೆ ಇದೇ ಕಬ್ಬು ಸವಾರರ ಇಂಧನವೂ ಹೌದು. ನಮ್ಮ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ ರೂಪದಲ್ಲಿ ಸುಮಾರು 400ರಿಂದ 500 ಗ್ರಾಂ ಸಕ್ಕರೆಯ ದಾಸ್ತಾನಿರುತ್ತದೆ. ಹೆಚ್ಚೆಂದರೆ 2,000 ಕ್ಯಾಲೊರಿ. ಇಂಥ ದಿನದ ತುಳಿತಕ್ಕೆ ಖರ್ಚಾಗುವುದು ಅದಕ್ಕಿಂತ ಹೆಚ್ಚು. ಕೊಬ್ಬು ಉರಿದು ಸಹಾಯ ಮಾಡುತ್ತದೆ, ಆದರೆ ನಿಧಾನವಾಗಿ. ದಾಸ್ತಾನು ಬರಿದಾದ ಗಳಿಗೆಯಲ್ಲಿ ಕಣ್ಣು ಮಂಜಾಗಿ, ಕೈ ನಡುಗಿ, ಸಣ್ಣ ದಿಬ್ಬವೂ ಬೆಟ್ಟವಾಗುತ್ತದೆ. ಅದಾಗದಂತೆ ತಾಸಿಗೆ 30ರಿಂದ 60 ಗ್ರಾಂ ಸಕ್ಕರೆ ಅಥವಾ ಹಿಟ್ಟಿನ ಪದಾರ್ಥ ಹೊಟ್ಟೆಗೆ ಬೀಳುತ್ತಿರಬೇಕು.

ಒಂದು ಗ್ಲಾಸು, ಅಂದರೆ 250 ಮಿಲಿಲೀಟರ್ ಕಬ್ಬಿನ ಹಾಲಿನಲ್ಲಿ 30 ಗ್ರಾಮಿನಷ್ಟು ಸಕ್ಕರೆ ಇರುತ್ತದೆ. ಒಂದು ತಾಸಿನ ತುಳಿತಕ್ಕೆ ಅಷ್ಟು ಸಾಕು. ಲಿಂಬೆ, ಉಪ್ಪು ಹಾಕಿಸಿಕೊಳ್ಳಿ. ಯಾವ ನೀರಿನದೆಂದು ಗೊತ್ತಿಲ್ಲದ ಐಸ್ ಬೇಡವೆನ್ನಿ. ಜೇಬಿನಲ್ಲಿ ಬೆಲ್ಲ, ಶೇಂಗಾ. ರಾಯಬಾಗದಲ್ಲಿ ರೊಟ್ಟಿ, ಪಲ್ಯ, ಮೊಸರು, ಉಪ್ಪು ಹಾಕಿದ ಮಜ್ಜಿಗೆ. ಹೊಟ್ಟೆ ಬಿರಿಯ ತಿಂದರೆ ಮುಂದಿನ ಒಂದು ತಾಸು ರಕ್ತ ಹೊಟ್ಟೆಗೂ ಕಾಲಿಗೂ ಹಂಚಿಹೋಗಿ ಎರಡೂ ಕೆಲಸ ಕೆಡುತ್ತವೆ. ಫ್ರಾನ್ಸಿನ ಸೈಕಲ್ ಪ್ರವಾಸದ ಹಿರಿಯ ಪಾಲ್ ದ ವಿವಿ (1853–1930) ಹಸಿವಾಗುವ ಮೊದಲು ತಿನ್ನಬೇಕು, ಬಾಯಾರುವ ಮೊದಲು ಕುಡಿಯಬೇಕು ಎಂದು ತಮ್ಮ ಓದುಗರಿಗೆ ಒತ್ತಿ ಹೇಳುತ್ತಿದ್ದರು. ನೂರು ವರ್ಷದ ಮೇಲೂ ಆ ಮಾತು ಹಳತಾಗಿಲ್ಲ.

ಹೊಳೆ ಮತ್ತು ರೈಲು

ಉಗಾರ ಮತ್ತು ಕುಡಚಿಯ ನಡುವೆ ಕೃಷ್ಣೆ ಹರಿಯುತ್ತಾಳೆ. ಚಳಿಗಾಲದಲ್ಲಿ ಸೇತುವೆಯ ಮೇಲೆ ನಿಂತು ನೋಡಿದರೆ ಮಂದಗತಿಯ ನೀರು, ದಂಡೆಯಲ್ಲಿ ಎಮ್ಮೆಗಳು. ಜುಲೈ–ಆಗಸ್ಟಿನಲ್ಲಿ ಮಾತೇ ಬೇರೆ. ಪಶ್ಚಿಮ ಘಟ್ಟದಲ್ಲಿ ಮಳೆ ಜೋರಾದರೆ ಕೃಷ್ಣೆ, ದೂಧಗಂಗಾ, ವೇದಗಂಗಾ ಒಟ್ಟಿಗೇ ಏರುತ್ತವೆ. ಕಲ್ಲೋಳ–ಯಡೂರದಂಥ ತಗ್ಗಿನ ಸೇತುವೆಗಳು ನೀರಿನಡಿ ಹೋಗುತ್ತವೆ. ಸುತ್ತುದಾರಿ 30 ಕಿಲೋಮೀಟರ್ ಎಂದರೆ ಮೋಟಾರಿಗೆ ಅರ್ಧ ಗಂಟೆ, ಸೈಕಲ್ಲಿಗೆ ಎರಡು ಗಂಟೆ. ಮಳೆಗಾಲದಲ್ಲಿ ಹೊರಡುವ ಹಿಂದಿನ ರಾತ್ರಿ ಸೇತುವೆಯ ಸುದ್ದಿ ಕೇಳಿಕೊಳ್ಳದೆ ಗಂಟು ಕಟ್ಟಬಾರದು.

ಒಂಟಿ ಸವಾರರಿಗೆ ಈ ನಡುದಾರಿಯ ದೊಡ್ಡ ಆಸರೆ ಮಿರಜ–ಲೋಂಡಾ ರೈಲುಮಾರ್ಗ. ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ಎಲ್ಲ ಕಡೆ ನಿಲ್ದಾಣಗಳಿವೆ. ಜ್ವರ ಬಂದರೆ, ಚಕ್ರ ಮುರಿದರೆ ಮನೆ ಸೇರುವ ದಾರಿಯುಂಟು ಎಂಬ ಅರಿವೇ ಧೈರ್ಯ. ಚಿಂಚಲಿ ಮಾಯಕ್ಕನ ಜಾತ್ರೆಯ ದಿನಗಳಲ್ಲಿ ಮಾತ್ರ, ಅಂದರೆ ಮಾಘ ಮಾಸದ ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ, ಈ ರಸ್ತೆ ಚಕ್ಕಡಿಗಳದ್ದು. ಸೈಕಲ್ಲಿಗೆ ಬೇರೆ ದಿನ ನೋಡಿಕೊಳ್ಳಬೇಕು.

ಮುಳ್ಳು

ಬೇಲಿಸಾಲಿನ ಜಾಲಿಮುಳ್ಳು ಟಯರಿಗೆ ಹೊಕ್ಕರೆ ಗಾಳಿ ಒಮ್ಮೆಲೇ ಹೋಗುವುದಿಲ್ಲ. ಹಿಂಚಕ್ರ ಮೆಲ್ಲಗೆ ಮೆತ್ತಗಾಗುತ್ತದೆ, ಸವಾರ ಅದನ್ನು ದಣಿವೆಂದು ತಿಳಿಯುತ್ತಾನೆ. ಟ್ಯೂಬ್ ಹೊರತೆಗೆದು ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದರೆ ತೂತಿನ ತಣ್ಣನೆಯ ಉಸಿರು ತಾಗುತ್ತದೆ. ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಅಂಟಂಟಾಗುವವರೆಗೆ ಕಾದು ಪ್ಯಾಚ್ ಒತ್ತಬೇಕು. ಬಹಳ ಜನ ಇಷ್ಟಕ್ಕೇ ಚಕ್ರ ಜೋಡಿಸಿ ಹೊರಡುತ್ತಾರೆ, ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಕೂರುತ್ತಾರೆ. ಮುಳ್ಳಿನ ತುದಿ ಇನ್ನೂ ಟಯರಿನಲ್ಲೇ ಇರುತ್ತದೆ. ಟಯರಿನ ಒಳಮೈಯನ್ನು ಬೆರಳಿನಿಂದ ಸುತ್ತ ಸವರಿ ಆ ಮೊನೆ ಸಿಗುವವರೆಗೆ ಹುಡುಕಬೇಕು. ಬಿಡಿ ಟ್ಯೂಬ್ ಒಂದು ಜೊತೆಗಿದ್ದರೆ ಪ್ಯಾಚ್ ಹಚ್ಚುವ ಕೆಲಸವನ್ನು ರಾತ್ರಿ ಮಾಡಬಹುದು.

ಏರು, ಇಳಿಜಾರು

ಕೃಷ್ಣೆಯ ದಂಡೆಯಿಂದ ಚಿಕ್ಕೋಡಿಗೆ ಒಟ್ಟಾರೆ 100 ಮೀಟರಿಗೂ ಹೆಚ್ಚು ಏರಬೇಕು. ಸವಾರ, ಸೈಕಲ್, ಗಂಟು ಸೇರಿ 95 ಕಿಲೋ ಎಂದುಕೊಂಡರೆ, 100 ಮೀಟರ್ ಮೇಲೆತ್ತುವ ಶ್ರಮ ಸಮತಟ್ಟಾದ ರಸ್ತೆಯ ಏಳೆಂಟು ಕಿಲೋಮೀಟರಿಗೆ ಸಮ. ಹೆದರುವಂಥದ್ದಲ್ಲ. ಆದರೆ ಊಟವಾದ ಮೇಲೆ, ಬಿಸಿಲು ಏರಿದಾಗ ಬರುವುದರಿಂದ ಭಾರ ಅನಿಸುತ್ತದೆ. ಗೇರ್ ಇದ್ದರೆ ಮೊದಲೇ ಇಳಿಸಿ. ಕರಿ ಸೈಕಲ್ಲಾದರೆ ಇಳಿದು ತಳ್ಳುವುದು ನಾಚಿಕೆಯಲ್ಲ.

ಮೊಣಕಾಲಿನ ಲೆಕ್ಕವೂ ಇಲ್ಲೇ ಹೊರಬೀಳುತ್ತದೆ. ಪೆಡಲಿನ ಒಂದು ಸುತ್ತಿಗೆ ಐದು ಮೀಟರ್ ಹಿಡಿದರೂ 135 ಕಿಲೋಮೀಟರಿಗೆ 27,000 ಸುತ್ತು. ಸೀಟು ಎರಡು ಬೆರಳು ತಗ್ಗಿದ್ದರೆ ಆ ತಪ್ಪು 27,000 ಸಲ ಮೊಣಕಾಲಿಗೆ ಬಡಿಯುತ್ತದೆ. ಹಿಮ್ಮಡಿ ಪೆಡಲಿನ ಮೇಲಿಟ್ಟು ಕೆಳಗೆ ಒತ್ತಿದಾಗ ಕಾಲು ನೆಟ್ಟಗಾಗುವಷ್ಟು ಸೀಟು ಎತ್ತರವಿರಲಿ. ಅಥಣಿ, ನಿಪ್ಪಾಣಿಗಳಲ್ಲಿ ಹೊಲಿದು ಕೊಲ್ಹಾಪುರದ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿ ನಡೆಯಲು ಚೆಂದ. ಹಿಮ್ಮಡಿಗೆ ಪಟ್ಟಿ ಇಲ್ಲದ್ದರಿಂದ ಪೆಡಲಿಗೆ ಹೊಂದದು. ಗಟ್ಟಿ ಅಡಿಯ ಬೂಟೇ ವಾಸಿ.

ಚಿಕ್ಕೋಡಿಯಿಂದ ನಿಪ್ಪಾಣಿಗೆ ಇಳಿಜಾರು ಹೆಚ್ಚು, ಗಾಳಿಯೂ ಬೆನ್ನಿಗೆ. ಪಡುವಣಕ್ಕೆ ಮುಖ ಮಾಡಿ ಹೊರಟದ್ದರ ದಂಡವನ್ನು ಇಲ್ಲಿ ತೆರಬೇಕು: ಸಂಜೆಯ ಸೂರ್ಯ ನೇರ ಕಣ್ಣಿಗೆ. ನಿಮಗಷ್ಟೇ ಅಲ್ಲ, ಹಿಂದಿನಿಂದ ಬರುವ ಚಾಲಕನಿಗೂ. ಐದು ಗಂಟೆಯಾಯಿತೆಂದರೆ ಬೆಳಕಿದ್ದರೂ ಹಿಂದಿನ ಕೆಂಪು ದೀಪ ಹಚ್ಚಿ, ಅಂಚು ಬಿಡಬೇಡಿ.

ನಿಪ್ಪಾಣಿ ತಂಬಾಕಿನ ಊರು. ಪುಣೆ–ಬೆಂಗಳೂರು ಹೆದ್ದಾರಿ ಇಲ್ಲಿಯೇ ಹಾಯುತ್ತದೆ. 1981ರಲ್ಲಿ ತಂಬಾಕಿಗೆ ನ್ಯಾಯದ ಬೆಲೆ ಕೇಳಿ ರೈತರು ಇದೇ ಹೆದ್ದಾರಿಯ ಮೇಲೆ ದಿನಗಟ್ಟಲೆ ಕೂತಿದ್ದರು. ಏಪ್ರಿಲ್ 6ರ ಗೋಲಿಬಾರಿನಲ್ಲಿ 12 ಮಂದಿ ಸತ್ತರು. ಬೆಳಿಗ್ಗೆಯಿಂದ ದಾರಿಗುಂಟ ಕಂಡ ಕಬ್ಬು, ಜೋಳ, ತಂಬಾಕುಗಳ ಹಿಂದೆಯೂ ಹೀಗೊಂದು ಲೆಕ್ಕವಿದೆ, ಅದು ಸವಾರರ ಲೆಕ್ಕಕ್ಕಿಂತ ಬಹಳ ದೊಡ್ಡದು.

ಸೂರ್ಯ ಇನ್ನೂ ಮುಳುಗಿಲ್ಲ. ನಲವತ್ತು ನಿಮಿಷದಲ್ಲಿ ಮುಳ್ಳು ಇಪ್ಪತ್ತನ್ನು ತಿಂದಿತ್ತು, ಇಪ್ಪತ್ತು ಉಳಿದಿದೆ. ಸೈಕಲ್ಲನ್ನು ಗೋಡೆಗೆ ಒರಗಿಸಿ ಚಹಾ ಹೇಳಿದರೆ, ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಚಕ್ರಕ್ಕೆ ಮೆತ್ತಿದ ಎರೆಮಣ್ಣನ್ನು ನೋಡಿ ಕೇಳುತ್ತಾರೆ, "ಎಲ್ಲಿಂದ ಬಂದ್ರಿ?"

"ಅಥಣಿಯಿಂದ್ರೀ, ಅಜ್ಜಾರ."

"ಯಾಕ, ಬಸ್ ಸಿಗಲಿಲ್ಲೇನು?"